ಮೂರು ನಿಮಿಷದ ಕೈ, ನಾಲ್ಕು ಗಂಟೆಯ ಕುರ್ಚಿ

ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಮೂರು ನಿಮಿಷದ ಚೆಸ್ ಆಡುವ ಚಟ ಇರುವವರಿಗೆಲ್ಲ ಒಂದು ನಂಬಿಕೆ ಇರುತ್ತದೆ. ಇಷ್ಟು ವೇಗದಲ್ಲೇ ಇಷ್ಟು ಚೆನ್ನಾಗಿ ಆಡ್ತೀವಿ, ಇನ್ನು ಒಂದೂವರೆ ಗಂಟೆ ಕೊಟ್ಟರೆ ಕೇಳಬೇಕಾ ಅಂತ. ಅದೇ ಧೈರ್ಯದಲ್ಲಿ ಮೈಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ರೇಟಿಂಗ್ ಟೂರ್ನಿಗೆ ಹೆಸರು ಕೊಟ್ಟಿದ್ದೆ. ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡ್ ಸೇರಿಕೊಳ್ಳುತ್ತದೆ.

ಶನಿವಾರ ಬೆಳಿಗ್ಗೆ ನನ್ನ ಎದುರು ಕೂತವರು ಗದಗದ ಕಡೆಯ ನಿವೃತ್ತ ಮೇಷ್ಟ್ರು. ನಾನು ಕಪ್ಪು ಕಾಯಿಯಲ್ಲಿ ಬೆನೋನಿ ಆಡಿದೆ. ಮೊಬೈಲಿನಲ್ಲಿ ಸಾವಿರ ಸಲ ಆಡಿ ಬಾಯಿಪಾಠ ಆಗಿರುವ ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳ ಕ್ರಮ. ಹದಿನೈದು ನಡೆ ಆಗುವಾಗ ನನ್ನ ಗಡಿಯಾರದಲ್ಲಿ ಶುರುವಿನಲ್ಲಿದ್ದ 90 ನಿಮಿಷಕ್ಕಿಂತ ಜಾಸ್ತಿ ಸಮಯ ಇತ್ತು! ಮೇಷ್ಟ್ರದ್ದು ಆಗಲೇ ಅರ್ಧ ಖರ್ಚಾಗಿತ್ತು. ಒಂದು ನಡೆಗಂತೂ ಇಪ್ಪತ್ತು ನಿಮಿಷ ತಗೊಂಡರು. ಅಷ್ಟು ಹೊತ್ತು ಯೋಚಿಸಿ ಮಾಡಿದ್ದೇನು? ಎಫ್3 ಮನೆಯಲ್ಲಿದ್ದ ಕುದುರೆಯನ್ನು ಹಿಂದಕ್ಕೆ, ಡಿ2ಗೆ ಎಳೆದುಕೊಂಡರು. ಇಷ್ಟೇನಾ ಅನ್ನಿಸಿತು.

ಆ ಕುದುರೆ ಅಲ್ಲಿಂದ ಸಿ4ಗೆ ಹೋಯಿತು, ಡಿ6 ಮನೆಯಲ್ಲಿದ್ದ ನನ್ನ ಪಾನ್ (ಕಾಲಾಳು) ಮೇಲೆ ಕಣ್ಣಿಟ್ಟು ಕೂತಿತು. ಬೆನೋನಿ ಆಡುವ ಯಾರಿಗಾದರೂ ಇದು ಗೊತ್ತಿರುವ ದಾರಿಯೇ, ನನಗೂ ಗೊತ್ತು. ಆದರೆ ಬ್ಲಿಟ್ಜ್‌ನಲ್ಲಿ (ಮೂರು ನಿಮಿಷದಂಥ ವೇಗದ ಆಟದಲ್ಲಿ) ಆ ಕುದುರೆ ಸಿ4 ತಲುಪುವಷ್ಟರಲ್ಲಿ ಬೇರೆ ಕಡೆ ಏನೋ ಗಲಾಟೆ ಎಬ್ಬಿಸಿ, ಎದುರಿನವರ ಸಮಯ ತಿಂದು, ಹೇಗೋ ಪಾರಾಗುತ್ತೇವೆ. ಇಲ್ಲಿ ಎದುರಿನವರು ಗಲಾಟೆಯನ್ನೂ ಕೂತು ಲೆಕ್ಕ ಹಾಕುತ್ತಾರೆ. ನನ್ನ ಕಣ್ಣು ಹುಡುಕುತ್ತಿದ್ದದ್ದು ತಕ್ಷಣದ ಬೆದರಿಕೆಯನ್ನು ಮಾತ್ರ, ಅವರ ನಡೆಯಲ್ಲಿ ತಕ್ಷಣದ ಬೆದರಿಕೆಯೇ ಇರಲಿಲ್ಲ. ಡಿ6 ಹೋಯಿತು. ಕೊನೆಗೆ ಅವರ ಗಡಿಯಾರ 30 ಸೆಕೆಂಡಿನ ಆಚೆ ಈಚೆ ಕುಣಿಯತೊಡಗಿದ್ದರಿಂದ ಆಟ ಡ್ರಾ ಆಯಿತು. ಅಷ್ಟೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು, ಸೊಂಟ ಹಿಡಿದುಕೊಂಡಿತ್ತು.

ಅದೇ ಸಂಜೆ ಪಕ್ಕದಲ್ಲೇ ಸುಮ್ನೆ ಒಂದು ಬ್ಲಿಟ್ಜ್ ಸ್ಪರ್ಧೆ ಇತ್ತು, ಮೂರು ನಿಮಿಷ ಮತ್ತು ನಡೆಗೆ ಎರಡು ಸೆಕೆಂಡ್. ಯಾರಿಗೆ ಯಾರು ಎದುರಾಳಿ ಅನ್ನುವ ಪೇರಿಂಗ್ ಹಾಳೆ ನೋಡಿದರೆ ಮತ್ತೆ ಅದೇ ಮೇಷ್ಟ್ರು. ಈಗ ನೋಡೋಣ ಅಂದುಕೊಂಡೆ. ಆಟ ಒಂದೊಂದು ಆನೆ ಮತ್ತು ನನಗೆ ಒಂದು ಪಾನ್ ಹೆಚ್ಚು ಅನ್ನುವಲ್ಲಿಗೆ ಬಂದು ನಿಂತಾಗ ಅವರಿಗೆ ಉಳಿದಿದ್ದು ಒಂಬತ್ತು ಸೆಕೆಂಡ್. ಅವರು ಆನೆಯನ್ನು ತಮ್ಮ ಕಡೆಯಿಂದ ಮೂರನೇ ಸಾಲಿಗೆ ತಂದು ನಿಲ್ಲಿಸಿದರು. ನನ್ನ ರಾಜ ಮುಂದೆ ಹೋಗಲು ದಾರಿ ಇಲ್ಲ. ಬೇರೆ ಗತಿಯಿಲ್ಲದೆ ಪಾನನ್ನು ಆ ಸಾಲಿಗೇ ತಳ್ಳಿದೆ. ತಳ್ಳಿದ ಮರುಕ್ಷಣ ಅವರ ಆನೆ ಬೋರ್ಡಿನ ಆ ತುದಿಗೆ ಓಡಿತು, ಹಿಂದಿನಿಂದ ಚೆಕ್, ಮತ್ತೆ ಚೆಕ್, ಮತ್ತೆ ಚೆಕ್. ಪಾನ್ ಮುಂದೆ ಹೋಗಿಬಿಟ್ಟ ಮೇಲೆ ನನ್ನ ರಾಜನಿಗೆ ಅಡಗಲು ಮರೆ ಎಲ್ಲಿದೆ? ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ಬರೆದಿಟ್ಟ ರಕ್ಷಣೆ ಇದು. ಬೆಳಿಗ್ಗೆ ಕುದುರೆ ಎಳೆಯಲು ಇಪ್ಪತ್ತು ನಿಮಿಷ ತಗೊಂಡ ಅದೇ ಕೈ ಈಗ ನಡೆಗೆ ಒಂದು ಸೆಕೆಂಡೂ ತಗೊಳ್ಳಲಿಲ್ಲ. ಮತ್ತೆ ಡ್ರಾ.

ಟೀ ಕುಡಿಯುವಾಗ, ಅಷ್ಟು ಬೇಗ ಹೇಗೆ ಯೋಚಿಸಿದಿರಿ ಮೇಷ್ಟ್ರೇ ಅಂತ ಕೇಳಿದೆ. "ಈಗೆಲ್ಲಿ ಯೋಚನೆ ಮಾಡೀನ್ರೀ? ಅದು ಮೊದಲ ಮಾಡಿಟ್ಟಿದ್ದು" ಅಂದರು.

ನನಗೆ ಅನ್ನಿಸುವುದು ಇಷ್ಟು: ನಿಧಾನದ ಆಟದಲ್ಲಿ ಕೂತು ಕಲಿತದ್ದು ವೇಗದ ಆಟಕ್ಕೆ ಸಾಕಷ್ಟು ಬರುತ್ತದೆ, ವೇಗದ ಆಟದಿಂದ ನಿಧಾನದ್ದಕ್ಕೆ ಬರುವುದು ಕಡಿಮೆ. ಓಪನಿಂಗ್, ಸಣ್ಣ ಪುಟ್ಟ ತಂತ್ರ ಬರುತ್ತವೆ. ಚೆನ್ನಾಗಿ ಕಂಡ ಮೊದಲ ನಡೆಯ ಮುಂದೆ ಕೈ ಕಟ್ಟಿ ಕೂರುವುದು ಬರುವುದಿಲ್ಲ. ಹಾಗಂತ ಇದೇ ನಿಯಮ ಅಂತಲೂ ಹೇಳಲಾರೆ. ಆನಂದ್ ಚೆನ್ನೈನ ತಾಲ್ ಕ್ಲಬ್‌ನಲ್ಲಿ ಬ್ಲಿಟ್ಜ್ ಆಡಿಕೊಂಡೇ ಬೆಳೆದವರು, 2017ರಲ್ಲಿ 48ನೇ ವಯಸ್ಸಿನಲ್ಲೂ ವಿಶ್ವ ರ‍್ಯಾಪಿಡ್ (ಬ್ಲಿಟ್ಜ್‌ಗೂ ನಿಧಾನದ ಆಟಕ್ಕೂ ನಡುವಿನ ವೇಗದ್ದು) ಗೆದ್ದರು. ಇನ್ನೊಂದು ಕಡೆ 2018ರ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಕ್ಲಾಸಿಕಲ್, ಅಂದರೆ ನಿಧಾನದ ಆಟದ, ರೇಟಿಂಗ್‌ನಲ್ಲಿ ಕಾರ್ಲ್‌ಸನ್‌ಗೂ ಕರುವಾನಾಗೂ ಬರೀ ಮೂರು ಅಂಕದ ವ್ಯತ್ಯಾಸ, 12 ಆಟಗಳೂ ಡ್ರಾ. ರ‍್ಯಾಪಿಡ್ ಟೈಬ್ರೇಕ್ ಬಂದಾಗ ಕಾರ್ಲ್‌ಸನ್ ಕಡೆಗೆ 3-0! ನಮ್ಮ ಗುಕೇಶ್ 2024ರಲ್ಲಿ ಕ್ಲಾಸಿಕಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ಬ್ಲಿಟ್ಜ್‌ನಲ್ಲಿ ಅವರದು ಆ ಎತ್ತರ ಅಲ್ಲ. ವಿಶ್ವ ಚೆಸ್ ಸಂಸ್ಥೆ ಫಿಡೆ ಮೂರಕ್ಕೂ ಬೇರೆ ಬೇರೆ ರೇಟಿಂಗ್ ಇಟ್ಟಿರುವುದು ಸುಮ್ನೆ ಅಲ್ಲ ಅಲ್ವಾ?

ಆ ಸಂಜೆ ಬ್ಲಿಟ್ಜ್ ಗೆದ್ದದ್ದು ಒಬ್ಬ ಹೈಸ್ಕೂಲ್ ಹುಡುಗ. ಮುಖ್ಯ ಟೂರ್ನಿಯಲ್ಲಿ ಅವನು ಕೆಳಗಿನ ಬೋರ್ಡುಗಳಲ್ಲೇ ಇದ್ದ. ನಡೆ ಮಾಡಿ ಎದ್ದು ಹಾಲ್ ತುಂಬಾ ಸುತ್ತುತ್ತಿದ್ದ, ಕೂತರೆ ಕಾಲು ಕುಣಿಸುತ್ತಿದ್ದ. ಸ್ವಲ್ಪ ಕೂತು ನೋಡಬಾರದೇನೋ ಅಂದದ್ದಕ್ಕೆ, "ಅಂಕಲ್, ನಡೆ ಕಾಣಿಸಿದ ಮೇಲೂ ಇನ್ನೇನು ನೋಡೋದು?" ಅಂದ. ಮಾರನೇ ದಿನ ಅವನಿಗೆ ಮೇಷ್ಟ್ರ ಜೊತೆ ಪೇರಿಂಗ್ ಬಂತು. ನನ್ನ ಆಟ ಮುಗಿದ ಮೇಲೆ ಅಲ್ಲಿ ಹೋಗಿ ನಿಂತೆ. ಹುಡುಗನದೂ ಬೆನೋನಿ, ಮೇಷ್ಟ್ರ ಕುದುರೆ ಆಗಲೇ ಡಿ2ರಲ್ಲಿತ್ತು.