ಹಸಿರು ಗುಳ್ಳೆಯ ಅಪ್ಪ

2023ರ ಸೆಪ್ಟೆಂಬರ್. ಮಗಳು ಸಾಕರ್ ಮ್ಯಾಚಿನಲ್ಲಿ ಮೊದಲ ಗೋಲು ಹೊಡೆದಳು. ನಾನು ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಟೀಮಿನ ಇನ್ನೊಂದು ಹುಡುಗಿಯ ಅಮ್ಮ ಪಾಪ ವಿಡಿಯೋ ಕಳಿಸಿದರು. ತೆರೆದು ನೋಡಿದರೆ ಬೆಂಕಿಪೊಟ್ಟಣದಷ್ಟು ಚಿತ್ರ. ಹಸಿರು ಬಟ್ಟೆ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ ಏನೋ ಓಡಾಡುತ್ತಿತ್ತು. ಅದರಲ್ಲಿ ನನ್ನ ಮಗಳು ಯಾವ ಅವಲಕ್ಕಿ ಅಂತ ಕೊನೆಗೂ ಗೊತ್ತಾಗಲಿಲ್ಲ.

"ಆಂಟಿ ಫೋನಲ್ಲಿ ಚೆನ್ನಾಗೇ ಇದೆ ಅಪ್ಪಾ. ನಿಂದು ಆಂಡ್ರಾಯ್ಡ್ ಅಲ್ವಾ, ಅದಕ್ಕೇ," ಅಂದಳು.

ಓಹಾಯೋದ ಕೊಲಂಬಸ್‌ಗೆ ಬಂದು ಇಷ್ಟು ವರ್ಷವಾದರೂ ಇದೊಂದು ನನಗೆ ಅಭ್ಯಾಸವಾಗಿಲ್ಲ. ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನವರು ವಾಟ್ಸಾಪ್ ಅಷ್ಟಾಗಿ ಮುಟ್ಟುವುದಿಲ್ಲ. ಫೋನಿನಲ್ಲೇ ಬರುವ ಮೆಸೇಜ್ ಆಪ್ ಸಾಕು ಅವರಿಗೆ. ಐಫೋನಿಂದ ಐಫೋನಿಗೆ ಹೋದರೆ ಅದು ಐಮೆಸೇಜ್, ಆಪಲ್ 2011ರಲ್ಲಿ ತಂದದ್ದು. ಕಳಿಸಿದವರ ಫೋನಿನಲ್ಲಿ ಆ ಮಾತು ನೀಲಿ ಗುಳ್ಳೆಯಲ್ಲಿ ಕೂರುತ್ತದೆ. ಆಂಡ್ರಾಯ್ಡ್‌ಗೆ ಹೋದರೆ ಆಗೆಲ್ಲ ಹಳೇ ಎಸ್ಸೆಮ್ಮೆಸ್, ಹಸಿರು ಗುಳ್ಳೆ. ವಿಡಿಯೋ ಆದರೆ ಎಂಎಂಎಸ್ ದಾರಿಯಲ್ಲಿ ಹಿಂಡಿ ಹಿಪ್ಪೆಯಾಗಿ ಬಂದು ಬೀಳುತ್ತಿತ್ತು. ಗುಂಪಿನಲ್ಲಿ ಒಬ್ಬನೇ ಒಬ್ಬ ಆಂಡ್ರಾಯ್ಡಿನವನಿದ್ದರೂ ಎಲ್ಲರ ಗುಳ್ಳೆಯೂ ಹಸಿರು. ಟೀಮಿನ ಅಪ್ಪ-ಅಮ್ಮಂದಿರ ಗುಂಪಿಗೆ ಹಾಗೆ ಹುಳಿ ಹಿಂಡಿದವನು ನಾನು.

ಯಾರೂ ಒಂದು ಮಾತು ಅನ್ನಲಿಲ್ಲ. ಆದರೆ ಒಂದು ಶನಿವಾರ ಬೆಳಗ್ಗೆ ನಾನೂ ಮಗಳೂ ಖಾಲಿ ಮೈದಾನದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆವು. ಮ್ಯಾಚಿನ ಜಾಗ ಬದಲಾಗಿತ್ತು. ನೀಲಿಯವರದ್ದೇ ಇನ್ನೊಂದು ಗುಂಪಿದೆ ಅಂತ ಆಮೇಲೆ ತಿಳಿಯಿತು. ಬೇಕಂತ ಮಾಡಿದ್ದಲ್ಲ, ಫೋಟೋ ಚೆನ್ನಾಗಿ ಬರಲಿ ಅಂತ ಯಾರೋ ಮಾಡಿಕೊಂಡದ್ದು. ವಾಪಸ್ ಬರುವಾಗ ಮಗಳು ಕಾರಿನಲ್ಲಿ ಮಾತೇ ಆಡಲಿಲ್ಲ.

ತುಮಕೂರಿನಲ್ಲಿರುವ ನನ್ನ ಭಾವಮೈದ ಇಎಂಐ ಮೇಲೆ ಐಫೋನ್ ತಗೊಂಡಾಗ, ಹಿಂದಿನ ಸೇಬು ಕಾಣುವಂಥ ಕವರೇ ಬೇಕು ಅಂತ ಮೂರು ಅಂಗಡಿ ಸುತ್ತಿದ್ದ. ಇಲ್ಲಿ ತರಕಾರಿ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗನ ಕೈಲೂ ಅದೇ, ಹುಲ್ಲು ಕತ್ತರಿಸಲು ಬರುವವನ ಕೈಲೂ ಅದೇ. ಹಳೇ ಫೋನ್ ಕೊಟ್ಟರೆ ಹೊಸದನ್ನು ತಿಂಗಳ ಬಿಲ್ಲಿಗೆ ಸೇರಿಸಿ ಕೊಟ್ಟುಬಿಡುತ್ತಾರೆ. ಊರಲ್ಲಿ ಐಫೋನ್ ಇದ್ದರೆ ಜನ ನೋಡುತ್ತಾರೆ, ಇಲ್ಲಿ ಇಲ್ಲದಿದ್ದರೆ ನೋಡುತ್ತಾರೆ. ನನ್ನ ಆಂಡ್ರಾಯ್ಡಿಗೆ ಅವರಲ್ಲಿ ಎಷ್ಟೋ ಜನರ ಫೋನಿಗಿಂತ ಜಾಸ್ತಿ ಬೆಲೆ ಅನ್ನುವುದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ನನ್ನ ಲೆಕ್ಕದಲ್ಲಿ ಇದಕ್ಕೆಲ್ಲ ಎಸ್ಸೆಮ್ಮೆಸ್ ದರವೇ ಕಾರಣ. ಇಲ್ಲಿ ಪ್ಲಾನಿನೊಳಗೇ ಎಷ್ಟು ಬೇಕಾದರೂ ಕಳಿಸಬಹುದಿತ್ತು, ಹಾಗಾಗಿ ಬೇರೆ ಆಪ್ ಹುಡುಕುವ ತಲೆನೋವಿರಲಿಲ್ಲ. ನಮ್ಮಲ್ಲಿ ದೀಪಾವಳಿ, ಹೊಸ ವರ್ಷದ ದಿನ ಪ್ಯಾಕ್ ಇದ್ದರೂ ಒಂದೊಂದು ಮೆಸೇಜಿಗೂ ದುಡ್ಡು ಕೀಳುತ್ತಿದ್ದರು, ನೆನಪಿದೆಯಾ? ಅದೇ 2011ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ದಿನಕ್ಕೆ 100 ಎಸ್ಸೆಮ್ಮೆಸ್ ಅಂತ ಮಿತಿ ಬೇರೆ ಹಾಕಿತು. ವಾಟ್ಸಾಪ್ ಸಿಕ್ಕಿದ್ದೇ ತಡ, ಎಲ್ಲರೂ ಆ ಕಡೆ ಜಿಗಿದೆವು. ಅಲ್ಲಿ ಯಾರ ಕೈಲಿ ಯಾವ ಫೋನಿದ್ದರೇನು?

ಆಪಲ್‌ನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆಂಡ್ರಾಯ್ಡಿಗೂ ಐಮೆಸೇಜ್ ಕೊಟ್ಟರೆ, ಐಫೋನಿನ ಮನೆಯವರು ಮಕ್ಕಳಿಗೆ ಆಂಡ್ರಾಯ್ಡ್ ಕೊಡಿಸಲು ಇರುವ ಅಡ್ಡಿಯೇ ಹೋಗಿಬಿಡುತ್ತದೆ ಅಂತ ಅವರ ಹಿರಿಯ ಅಧಿಕಾರಿ ಕ್ರೇಗ್ ಫೆಡರಿಗಿ 2013ರಲ್ಲೇ ಬರೆದಿದ್ದರು. ಎಪಿಕ್ ಗೇಮ್ಸ್ ಅನ್ನುವ ಗೇಮ್ ಕಂಪನಿಯ ಜೊತೆಗಿನ ಮೊಕದ್ದಮೆಯಿಂದ 2021ರಲ್ಲಿ ಅದು ಹೊರಬಿತ್ತು. 2022ರಲ್ಲಿ ಒಬ್ಬರು, ನಮ್ಮಮ್ಮನಿಗೆ ವಿಡಿಯೋ ಸರಿಯಾಗಿ ಹೋಗಲ್ಲ ಅಂತ ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಮುಂದೆ ಗೋಳು ತೋಡಿಕೊಂಡರೆ, ಅಮ್ಮನಿಗೆ ಐಫೋನ್ ಕೊಡಿಸಿ ಅಂದುಬಿಟ್ಟರು! ಅಮೆರಿಕದ ಸರ್ಕಾರ 2024ರ ಮಾರ್ಚ್‌ನಲ್ಲಿ ಆಪಲ್ ಮೇಲೆ ಹಾಕಿದ ಕೇಸಿನಲ್ಲಿ ಹಸಿರು ಗುಳ್ಳೆಯ ಅವಮಾನದ ಮಾತೂ ಇದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐಫೋನಿಗೆ ಆರ್‌ಸಿಎಸ್ ಬಂತು, ಎಸ್ಸೆಮ್ಮೆಸ್ಸಿನ ಜಾಗಕ್ಕೆ ಬಂದ ಹೊಸ ಬಗೆಯ ಮೆಸೇಜ್ ವ್ಯವಸ್ಥೆ. ಈಗ ವಿಡಿಯೋ ಸ್ಪಷ್ಟವಾಗಿ ಬರುತ್ತದೆ. ಗುಳ್ಳೆ ಮಾತ್ರ ಇನ್ನೂ ಹಸಿರೇ.

ಅಷ್ಟರಲ್ಲಿ ಮಗಳಿಗೆ ಐಫೋನ್ ಕೊಡಿಸಿಯಾಗಿತ್ತು. ಆ ಖಾಲಿ ಮೈದಾನ ನನ್ನ ಹಟ ಮುರಿದಿತ್ತು.

ಕಳೆದ ರಜೆಗೆ ತಿಪಟೂರಿಗೆ ಹೋಗಿದ್ದೆವು. ಚಿಕ್ಕಪ್ಪನ ಮಕ್ಕಳೆಲ್ಲ ಅವಳ ಫೋನನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ತೆಂಗಿನತೋಟದಲ್ಲಿ ಫೋಟೋ ಹೊಡೆಸಿಕೊಂಡರು. "ಸರಿ, ಗ್ರೂಪಿಗೆ ಹಾಕು," ಅಂದರು. ಯಾವ ಗ್ರೂಪು? ಅವಳ ಫೋನಲ್ಲಿ ವಾಟ್ಸಾಪೇ ಇರಲಿಲ್ಲ. ಒಂದು ಕ್ಷಣ ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಕಡೆಗೆ ಅವಳು ಜಗಲಿಯಲ್ಲಿ ಕೂತು ಡೌನ್‌ಲೋಡ್ ಮಾಡಿಕೊಂಡಳು. ಗ್ರೂಪಿನ ಅಡ್ಮಿನ್ ನಮ್ಮಮ್ಮ. ಕನ್ನಡಕ ಹುಡುಕಿ, ಹಾಕಿಕೊಂಡು, "ಇರು ಪುಟ್ಟಿ, ಸೇರಿಸ್ತೀನಿ," ಅಂತ ಸೇರಿಸಿದರು.

ಮಗಳು "ಹಾಯ್ ಅಜ್ಜಿ" ಅಂತ ಒತ್ತಿದಳು. ಒತ್ತಿ, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಅಪ್ಪಾ, ಇಲ್ಲೂ ಹಸಿರು!"

ಅಷ್ಟರಲ್ಲಿ ಅಮ್ಮನ ಉತ್ತರವೂ ಬಂತು. ಗುಲಾಬಿ ಹೂವಿನ ಶುಭೋದಯ, ಸಂಜೆ ಆರು ಗಂಟೆಗೆ.