ಮನೆ ಹೋದದ್ದು ಹೇಗೆ ಅಂತ ಮೊದಲು ಕೇಳಿ

ಮಂಗಳೂರಿನ ಒಂದು ನಿರಾಶ್ರಿತರ ವಸತಿ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತೇನೆ. ಬಂದವರಿಗೆ ಮಲಗಲು ಜಾಗ ಮಾಡಿಕೊಡುವುದು, ರಿಜಿಸ್ಟರ್‌ನಲ್ಲಿ ಹೆಸರು ಬರೆಯುವುದು, ಆಮೇಲೆ ಅವರ ಕಾಗದ ಹಿಡಿದು ಆಫೀಸುಗಳಿಗೆ ಓಡಾಡುವುದು. ಹೆಚ್ಚಿನವರು ಕೇಳುವುದು ಒಂದೇ ಮಾತು: "ಸರಕಾರದ್ದು ಒಂದು ಮನೆ ಮಾಡಿಸಿಕೊಡಿ." ಅರ್ಜಿ ಹಾಕಬಹುದು. ಆದರೆ ಪಿಎಂ ಆವಾಸ್ ಆಗಲಿ, ಬಸವ ವಸತಿ ಆಗಲಿ, ಇವತ್ತು ರಾತ್ರಿ ಬೀದಿಯಲ್ಲಿರುವವರಿಗೆ ನಾಳೆ ಸೂರು ಕೊಡುವ ಯೋಜನೆಗಳಲ್ಲ. ಅದಕ್ಕೇ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುತ್ತೇನೆ, ಇದ್ದ ಮನೆ ಹೇಗೆ ಹೋಯಿತು ಅಂತ ಮೊದಲು ಕೇಳಿ. ಯಾವ ಆಫೀಸಿಗೆ ಹೋಗಬೇಕು ಅಂತ ಆಗ ಗೊತ್ತಾಗುತ್ತದೆ.

ವಯಸ್ಸಾದವರು ಇದನ್ನು ಬೇಗ ಹೇಳುವುದಿಲ್ಲ. "ಮಗ ಊರಲ್ಲಿಲ್ಲ" ಅನ್ನುತ್ತಾರೆ. ಕೆಲವು ದಿನ ಕಳೆದ ಮೇಲೆ ನಿಧಾನಕ್ಕೆ ಹೊರಗೆ ಬರುತ್ತದೆ: ಗಂಡ ಕಟ್ಟಿಸಿದ ಮನೆಯನ್ನು ಮಗನ ಹೆಸರಿಗೆ ಮಾಡಿಕೊಟ್ಟಿದ್ದಾರೆ, ಈಗ ಆ ಮನೆಯಲ್ಲಿ ಇವರಿಗೇ ಜಾಗ ಇಲ್ಲ. ಇಂಥವರಿಗೆ ಬೇಕಾದದ್ದು ವಸತಿ ಯೋಜನೆ ಅಲ್ಲ, 2007ರ ಹಿರಿಯ ನಾಗರಿಕರ ಕಾಯ್ದೆ. 60 ದಾಟಿದವರು ಎಸಿ (ಸಹಾಯಕ ಆಯುಕ್ತರ) ಆಫೀಸಿನಲ್ಲಿ ಅರ್ಜಿ ಕೊಡಬಹುದು. ಉಡುಪಿ ಜಿಲ್ಲೆಯವರಿಗೆ ಅದು ಕುಂದಾಪುರದಲ್ಲಿದೆ. ಅವರು ಒಪ್ಪಿಗೆ ಕೊಟ್ಟರೆ ಅವರ ಪರವಾಗಿ ನಮ್ಮಂಥ ಸಂಸ್ಥೆಯೂ ಅರ್ಜಿ ಹಾಕಬಹುದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಮಗ ನೋಡಿಕೊಳ್ಳದಿದ್ದರೆ, 23ನೇ ಸೆಕ್ಷನ್ ಪ್ರಕಾರ ಆ ಪತ್ರವನ್ನೇ ರದ್ದು ಮಾಡಿಸಲು ದಾರಿಯಿದೆ. ಆದ್ದರಿಂದ ದಾನಪತ್ರ ಮಾಡುವ ಮುಂಚೆ ಆ ಷರತ್ತನ್ನು ಪತ್ರದಲ್ಲೇ ಬರೆಸಿ. ನಿಮ್ಮ ಮನೆಯ ಹಿರಿಯರಿಗೂ ದಯವಿಟ್ಟು ಹೇಳಿ.

ಒಬ್ಬರು ಅಮ್ಮ ಅರ್ಜಿಗೆ ಒಪ್ಪಲೇ ಇಲ್ಲ. "ಮಗನನ್ನು ಜೈಲಿಗೆ ಹಾಕ್ತಾರಾ?" ಅಂತಲೇ ಕೇಳುತ್ತಿದ್ದರು. ಮೊದಲು ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ ಅಮ್ಮಾ ಅಂತ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿದರು. ಹೊರಗೆ ಹಾಕಿದ ಮೇಲೂ ಮಗನ ಚಿಂತೆಯೇ ಜಾಸ್ತಿ ಅವರಿಗೆ. ಇಂಥ ಮಾತಿಗೆ ಸಮಯ ಕೊಡಲೇಬೇಕು. ಅವಸರ ಮಾಡಿದರೆ ಅವರು ಸುಮ್ನೆ ಎದ್ದು ಹೋಗುತ್ತಾರೆ, ಮತ್ತೆ ಸಿಗುವುದಿಲ್ಲ.

ಗಂಡನ ಮನೆಯಿಂದ ಹೊರಗೆ ಹಾಕಿಸಿಕೊಂಡ ಹೆಂಗಸರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಮನೆ ಅತ್ತೆಯ ಹೆಸರಲ್ಲಿದ್ದರೂ ಬದುಕಿದ ಮನೆಯಲ್ಲಿ ವಾಸಿಸುವ ಹಕ್ಕು ಕೇಳಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ತುರ್ತಿಗೆ 181ಕ್ಕೆ ಫೋನ್ ಮಾಡಿ.

ಮಳೆಗಾಲದಲ್ಲಿ ಬರುವವರ ಕಥೆ ಬೇರೆ. ನಮ್ಮ ಕಡೆ ಮಣ್ಣಿನ ಗೋಡೆಯ ಹಂಚಿನ ಮನೆಗಳು ಜೂನ್, ಜುಲೈನಲ್ಲಿ ಕುಸಿಯುತ್ತವೆ. ವಿಪತ್ತು ನಿಧಿಯ 2022-26ರ ನಿಯಮದಲ್ಲಿ ಬಯಲು ಪ್ರದೇಶದ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ. ಸ್ವಲ್ಪ ಭಾಗ ಬಿದ್ದರೆ ಕಚ್ಚಾ ಮನೆಗೆ ಬರೀ 4,000. ಎಷ್ಟು ವ್ಯತ್ಯಾಸ ನೋಡಿ! ಹಾಗಾಗಿ ಮಣ್ಣು ಗುಡಿಸುವ ಮುಂಚೆ ಫೋಟೋ ತೆಗೆಯಿರಿ, ಉಗ್ರಾಣಿಗೆ (ಗ್ರಾಮ ಸಹಾಯಕರಿಗೆ) ಅವತ್ತೇ ಫೋನ್ ಮಾಡಿ.

ಮನೆ ಯಾವತ್ತೂ ಇಲ್ಲದವರೂ ಬರುತ್ತಾರೆ. ಗದಗ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದು ಅಂಗಡಿ ಜಗಲಿಯಲ್ಲಿ ಮಲಗುವವರು. ವಿಳಾಸ ಇಲ್ಲ ಅಂತ ಇವರನ್ನು ಎಲ್ಲ ಕಡೆಯಿಂದ ವಾಪಸ್ ಕಳಿಸುತ್ತಾರೆ. ಆದರೆ ಮಾನ್ಯತೆ ಪಡೆದ ವಸತಿ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ಆಧಾರ್‌ಗೆ ನಡೆಯುತ್ತದೆ. ಮತದಾರರ ಪಟ್ಟಿಗೆ ಸೇರಲು ಮನೆಯೇ ಬೇಡ. ಫಾರ್ಮ್ 6ರಲ್ಲಿ ಮಲಗುವ ಜಾಗ ಬರೆದರೆ, ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಬಂದು ನೋಡಬೇಕು ಅಂತ ಚುನಾವಣಾ ಆಯೋಗವೇ ಹೇಳಿದೆ. ನಿಮ್ಮ ಅಂಗಡಿ ಜಗಲಿಯಲ್ಲಿ ಯಾರಾದರೂ ಮಲಗುತ್ತಿದ್ದರೆ, ಬಿಎಲ್ಒ ಬಂದಾಗ "ಹೌದು, ಇವರು ಇಲ್ಲೇ ಇರುವುದು" ಅಂತ ಒಂದು ಮಾತು ಹೇಳಿ.