ನಾಡಿ ಹಿಡಿಯದ ಡಾಕ್ಟರು

ಅಣ್ಣಿಗೇರಿಗೆ ಹೋದಾಗಲೆಲ್ಲ ಚಿಗವ್ವನ ಪ್ರಶ್ನೆ ಒಂದೇ: "ಹುಬ್ಬಳ್ಳಿಯಲ್ಲಿ ಐದೂವರೆ ವರ್ಷ ಡಾಕ್ಟರಿಕೆ ಓದಿದೆ. ಈಗ ಒಬ್ಬ ರೋಗಿಯ ನಾಡಿಯನ್ನೂ ಹಿಡಿಯುವುದಿಲ್ಲ. ದಿನವಿಡೀ ಏನು ಮಾಡುತ್ತೀ?" ಗದಗಿನ ಬಸ್ಸಿನಲ್ಲಿ ಪಕ್ಕ ಕುಳಿತವರೂ ಸುತ್ತಿ ಬಳಸಿ ಇದನ್ನೇ ಕೇಳುತ್ತಾರೆ.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನನ್ನದು ರಕ್ತದ ಕ್ಯಾನ್ಸರಿನ ಸಂಶೋಧನೆ. ಚಿಗವ್ವನಿಗೆ ಹೊಲದ ಲೆಕ್ಕದಲ್ಲಿ ಹೇಳಿದೆ. ಹಾಲುಗಾಳಿದ್ದಾಗ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತೇವೆ, ಉಳಿದದ್ದು ಬಲಿಯಬೇಕು. ತೀವ್ರ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬಿಳಿ ರಕ್ತಕಣ ಬಲಿಯುವುದೇ ಇಲ್ಲ. ಎಳೆಯದಾಗಿಯೇ ಉಳಿದು, ಒಂದು ಎರಡಾಗುತ್ತ ಎಲುಬಿನ ಮಜ್ಜೆಯನ್ನೆಲ್ಲ ತುಂಬುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000ದಷ್ಟು ಇರಬೇಕಾದ ಬಿಳಿಕಣಗಳು ಕೆಲವರಲ್ಲಿ ಲಕ್ಷ ದಾಟುತ್ತವೆ, ಆದರೂ ಸಣ್ಣ ಸೋಂಕನ್ನು ತಡೆಯಲಾರವು. ಇಂಥವರಿಗೆ "ರೋಗನಿರೋಧಕ ಶಕ್ತಿ ಹೆಚ್ಚಿಸುವ" ಪುಡಿ ಮಾರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಟ್ಟಿರುವುದೇ ಕಾವಲಿನವನು, ಅವನಿಗೆ ಇನ್ನಷ್ಟು ಉಣಿಸಿ ಏನು ಪ್ರಯೋಜನ?

ನಾಡಿ ಹಿಡಿಯದೆ ಏನಾಗುತ್ತದೆ ಎನ್ನುವವರಿಗೆ ನಾನು ಯಲ್ಲಪ್ರಗಡ ಸುಬ್ಬರಾವ್ ಅವರ ಕಥೆ ಹೇಳುತ್ತೇನೆ. ಭೀಮಾವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಪ್ರಯೋಗಾಲಯಗಳಲ್ಲೇ ಆಯುಷ್ಯ ಸವೆಸಿದವರು. ಕೋಶ ಎರಡಾಗಬೇಕಾದರೆ ಫೋಲಿಕ್ ಆಮ್ಲ ಎಂಬ ವಿಟಮಿನ್ ಬೇಕು. ಅವರ ತಂಡ ಅದರಂತೆಯೇ ಕಾಣುವ, ಅದರ ಕೆಲಸವನ್ನು ಮಾತ್ರ ಮಾಡದ ಅಮಿನೋಪ್ಟೆರಿನ್ ತಯಾರಿಸಿತು. ಹಸಿದ ಕ್ಯಾನ್ಸರ್ ಕೋಶ ಆ ಸುಳ್ಳು ಬುತ್ತಿಯನ್ನು ನುಂಗಿ ನಿಂತುಬಿಡುತ್ತದೆ. ಬೋಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅದನ್ನು ಲುಕೇಮಿಯಾ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ರೋಗ ಕೆಲವು ಕಾಲ ಹಿಮ್ಮೆಟ್ಟಿತು. (ಫಾರ್ಬರ್ ಕೂಡ ಮೂಲತಃ ಸೂಕ್ಷ್ಮದರ್ಶಕದ ಮುಂದೆ ಕೂರುವ ರೋಗಶಾಸ್ತ್ರಜ್ಞರೇ.) 1948ರಲ್ಲಿ ಆ ವರದಿ ಪ್ರಕಟವಾಯಿತು, ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದೇ ಕುಲದ ಮೆಥೋಟ್ರೆಕ್ಸೇಟ್ ಇಂದಿಗೂ ಮಕ್ಕಳ ಲುಕೇಮಿಯಾಕ್ಕೆ ಕೊಡುವ ಔಷಧ.

ಈಗ ರೋಗಿಯ ಟಿ ಕೋಶಗಳನ್ನೇ (ಬಿಳಿ ರಕ್ತಕಣಗಳ ಒಂದು ಬಗೆ) ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವ ಜೀನ್ ಸೇರಿಸಿ, ಮತ್ತೆ ಮೈಗೆ ಬಿಡುವ ಕಾರ್-ಟಿ ಚಿಕಿತ್ಸೆ ಬಂದಿದೆ. ಮುಂಬೈಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದ ಕೆಲಸದಿಂದ ಹುಟ್ಟಿದ ನೆಕ್ಸ್‌ಕಾರ್-19 ಎಂಬ ಇಂಥ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಅದು ಕ್ಯಾನ್ಸರ್ ಕೋಶದ ಮೈಮೇಲಿನ ಸಿಡಿ-19 ಎಂಬ ಪ್ರೋಟೀನನ್ನು ನೋಡಿ ಹೊಡೆಯುತ್ತದೆ. ಕಳ್ಳ ಅಂಗಿ ಬದಲಿಸುವಂತೆ ಕೆಲವು ಕೋಶಗಳು ಆ ಗುರುತನ್ನೇ ಕಳಚಿ ಹಾಕುತ್ತವೆ, ರೋಗ ಮರಳುತ್ತದೆ. ಹೇಗೆ ಕಳಚುತ್ತವೆ ಎಂಬುದರ ಬೆನ್ನಿಗೆ ನಾನು ಬಿದ್ದಿದ್ದೇನೆ.

ದಿನಚರಿಯಲ್ಲಿ ವೈಭವವೇನೂ ಇಲ್ಲ. ಒಂದು ಸೋಮವಾರ ಕೋಶಗಳನ್ನು ಬೆಳೆಸುವ ಇನ್ಕ್ಯುಬೇಟರ್ ತೆರೆದರೆ, ಕೆಂಪಗಿರಬೇಕಾದ ದ್ರವ ಹಳದಿಯಾಗಿ, ಹಳೆಯ ಮಜ್ಜಿಗೆಯ ತಿಳಿಯಂತೆ ಮಬ್ಬಾಗಿತ್ತು. ಬ್ಯಾಕ್ಟೀರಿಯಾ ಹೊಕ್ಕಿತ್ತು, ಎರಡು ತಿಂಗಳ ಕೆಲಸ ಬ್ಲೀಚಿನ ಪಾಲಾಯಿತು. ಅಂದು ನಾಡಿ ಹಿಡಿಯುವ ಕೆಲಸವೇ ವಾಸಿ ಎನಿಸಿದ್ದು ಸುಳ್ಳಲ್ಲ.

ಎಲ್ಲವನ್ನೂ ಕೇಳಿ ಚಿಗವ್ವ ಪಕ್ಕದ ಮನೆಯವರ ರಕ್ತದ ವರದಿ ತಂದಿಟ್ಟಳು. ಬಿಳಿಕಣ ಸರಿಯಾಗಿದ್ದವು, ಹಿಮೋಗ್ಲೋಬಿನ್ ಮಾತ್ರ 8.6ಕ್ಕೆ ಇಳಿದಿತ್ತು. "ತಡಮಾಡದೆ ಡಾಕ್ಟರಿಗೆ ತೋರಿಸಲಿ" ಎಂದೆ.

"ಅಂದರೆ ಇನ್ನೊಬ್ಬರಿಗೆ" ಎಂದು ಚಿಗವ್ವ ಕಾಗದ ಮಡಚಿದಳು.